ಶನಿವಾರದ ಓಟಕ್ಕೆ ನಡೆದೇ ಹೋಗಿ

ಮಗನೋ ಮಗಳೋ ಬ್ರಿಟನ್‌ನಲ್ಲಿದ್ದಾರೆಂದು ಮೂರು ತಿಂಗಳು, ಆರು ತಿಂಗಳು ಅಲ್ಲಿಗೆ ಹೋಗಿ ಬರುವ ತಂದೆತಾಯಂದಿರು ಈಗ ನಮ್ಮಲ್ಲಿ ಅಪರೂಪವಲ್ಲ. ಮರಳಿ ಬಂದ ಅನೇಕರ ಸಕ್ಕರೆ ಏರಿರುತ್ತದೆ, ಮಂಡಿ ಬಿಗಿದಿರುತ್ತದೆ. ಕೇಳಿದರೆ ಉತ್ತರ ಒಂದೇ: ಹೊರಗೆ ಚಳಿ, ಪರಿಚಯದವರಿಲ್ಲ, ಮಕ್ಕಳಿಗೆ ಬಿಡುವಿಲ್ಲ. ಊರಲ್ಲಿ ಮಸೀದಿ, ಮಾರುಕಟ್ಟೆ, ನೆಂಟರ ಮನೆ ಎಂದು ತಿಳಿಯದೆಯೇ ನಡೆಯುತ್ತಿದ್ದ ಕಾಲುಗಳು ಅಲ್ಲಿ ನಿಂತುಬಿಡುತ್ತವೆ.

ಅಂಥವರಿಗೆ ನಾನು ಹೇಳುವುದು, ಶನಿವಾರ ಬೆಳಿಗ್ಗೆ ಹತ್ತಿರದ ‘ಪಾರ್ಕ್‌ರನ್’ಗೆ ಹೋಗಿ ಎಂದು. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ ಪಾಲ್ ಸಿಂಟನ್-ಹೆವಿಟ್ ಎಂಬವರು 13 ಓಟಗಾರರೊಂದಿಗೆ ಶುರು ಮಾಡಿದ ಕೂಟವಿದು. ಈಗ ಆ ದೇಶದ ನೂರಾರು ಕಡೆ ನಡೆಯುತ್ತದೆ. ದೂರ 5 ಕಿಲೋಮೀಟರ್, ಶುಲ್ಕವಿಲ್ಲ. ಇಂಗ್ಲೆಂಡಿನಲ್ಲಿ ಬೆಳಿಗ್ಗೆ 9ಕ್ಕೆ, ಸ್ಕಾಟ್ಲೆಂಡಿನಲ್ಲಿ ಅರ್ಧ ಗಂಟೆ ತಡವಾಗಿ ಆರಂಭ. ಒಮ್ಮೆ ಹೆಸರು ನೋಂದಾಯಿಸಿ ಬಾರ್‌ಕೋಡ್ ಪಡೆದರೆ ಎಲ್ಲ ಊರಿಗೂ ಅದೇ ಸಾಕು.

ಹೆಸರಿನಲ್ಲಿ ಓಟವಿದೆ ಎಂದು ಹೆದರುವುದು ಬೇಡ. ಪೂರ್ತಿ ನಡೆದೇ ಮುಗಿಸುವವರು ಬಹಳ ಮಂದಿ. ಎಲ್ಲರಿಗಿಂತ ಹಿಂದೆ ಒಬ್ಬ ಸ್ವಯಂಸೇವಕ ನಡೆದು ಬರುವುದು ಅಲ್ಲಿನ ನಿಯಮ, ಆದ್ದರಿಂದ ಕೊನೆಯವರಾಗುವ ಮುಜುಗರ ನಿಮಗಿಲ್ಲ. 2018ರಲ್ಲಿ ಅಲ್ಲಿನ ಕುಟುಂಬ ವೈದ್ಯರ ರಾಯಲ್ ಕಾಲೇಜು ಪಾರ್ಕ್‌ರನ್ ಜೊತೆ ಕೈಜೋಡಿಸಿತು. ರೋಗಿಗಳಿಗೆ ಇದನ್ನು ಸೂಚಿಸುವ ಚಿಕಿತ್ಸಾಲಯಗಳು ಅಂದಿನಿಂದ ಹೆಚ್ಚಿವೆ.

ಇದರ ಇನ್ನೊಂದು ಲಾಭ, ಊರು ಕಣ್ಣಿಗೆ ಬೀಳುವುದು. ಬುಷಿ ಪಾರ್ಕ್‌ನಲ್ಲಿ ಜಿಂಕೆಗಳು ಹಿಂಡುಹಿಂಡಾಗಿ ಮೇಯುತ್ತವೆ. ಬ್ರ್ಯಾಡ್‌ಫರ್ಡ್‌ನ ಓಟ ನಡೆಯುವ ಲಿಸ್ಟರ್ ಪಾರ್ಕ್‌ನಲ್ಲಿ ಮೊಘಲ್ ಶೈಲಿಯ ಜಲೋದ್ಯಾನವೇ ಇದೆ. ನೋಡಿದವರಿಗೆ ಊರಿನ ನೆನಪಾಗದಿರದು. ಕೆಲವರು ವಾರಕ್ಕೊಂದು ಊರಿನಂತೆ ಕಡಲ ತೀರ, ಕೆರೆ ದಂಡೆ, ಹಳೆಯ ಕೋಟೆಯ ಬಯಲು ಹುಡುಕಿಕೊಂಡು ಹೋಗುತ್ತಾರೆ. ಹಾದಿ ಒಮ್ಮೆ ಪರಿಚಯವಾದರೆ ಉಳಿದ ದಿನ ಒಬ್ಬರೇ ಹೋಗುವ ಧೈರ್ಯ ಬರುತ್ತದೆ. ಅದೇ ಮುಖ್ಯ, ಏಕೆಂದರೆ ವಾರಕ್ಕೊಂದು ದಿನದ ನಡಿಗೆಯಿಂದ ಸಕ್ಕರೆ ಹಿಡಿತಕ್ಕೆ ಬರುವುದಿಲ್ಲ.

ಎಷ್ಟು ವೇಗ? ಯುನಾನಿಯಲ್ಲಿ ‘ರಿಯಾಝತ್’ ಎಂದರೆ ದೇಹದ ಶಕ್ತಿಗೆ ತಕ್ಕ ವ್ಯಾಯಾಮ. ಮೈಬಣ್ಣ ಕಳೆಗಟ್ಟುತ್ತ, ಅಂಗಾಂಗಗಳು ಹಗುರವಾಗಿ ಆಡುತ್ತಿರುವವರೆಗೆ ಮುಂದುವರಿಸಿ, ಆ ಕಳೆ ಇಳಿದಾಗ ನಿಲ್ಲಿಸಬೇಕೆಂಬುದು ಇಬ್ನ್ ಸೀನಾ ಅವರ ಅಳತೆ. ನನ್ನ ಅಳತೆ ಇನ್ನೂ ಸುಲಭ: ಪಕ್ಕದವರೊಂದಿಗೆ ಮಾತಾಡುತ್ತ, ಮರದ ಮೇಲಿನ ಹಕ್ಕಿಯನ್ನು ಗಮನಿಸುತ್ತ ಸಾಗಬಲ್ಲಿರಾದರೆ ವೇಗ ಸರಿಯಾಗಿದೆ. ಮೊಮ್ಮಗನ ಜೊತೆ ಪೈಪೋಟಿಗೆ ಬೀಳುವ ಅಜ್ಜಂದಿರೇ ಸೊಂಟ ಹಿಡಿದುಕೊಂಡು ಬರುವುದು. ಹೊರಡುವ ಮುನ್ನ ಮೀನಖಂಡ, ತೊಡೆಗಳನ್ನು ಆಲಿವ್ ಎಣ್ಣೆಯಿಂದ ಐದು ನಿಮಿಷ ಮೃದುವಾಗಿ ಉಜ್ಜಿಕೊಳ್ಳಿ. ಮುಗಿದ ಮೇಲೂ ಹಾಗೆಯೇ.

ಹೃದ್ರೋಗ, ಅಸ್ತಮಾ ಇರುವವರು ಮೊದಲು ವೈದ್ಯರನ್ನು ಕೇಳಲೇಬೇಕು. ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಂತು ಸ್ವಯಂಸೇವಕರನ್ನು ಕರೆಯಿರಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಸೇವಿಸುವವರು ಬರಿಹೊಟ್ಟೆಯಲ್ಲಿ ಹೋಗಬಾರದು. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಸಕ್ಕರೆ ಕುಸಿದಾಗ ಖರ್ಜೂರಕ್ಕಿಂತ ಅದು ಬೇಗ ರಕ್ತಕ್ಕೆ ಸೇರುತ್ತದೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ನೋವು ತಿಳಿಯದಿರಬಹುದು, ಮನೆಗೆ ಬಂದು ಸಾಕ್ಸ್ ಕಳಚಿ ಬೆರಳ ಸಂದುಗಳನ್ನೂ ನೋಡಿಕೊಳ್ಳಿ. ಮಹಿಳೆಯರು ಬುರ್ಖಾ, ಉದ್ದ ಕೋಟು ಧರಿಸಿಯೇ ನಡೆಯಬಹುದು. ಅಂಚು ಮಾತ್ರ ನೆಲ ಸವರದಿರಲಿ, ಒದ್ದೆ ಹುಲ್ಲಿನಲ್ಲಿ ಕಾಲಿಗೆ ತೊಡರುತ್ತದೆ. ನೆಲ ಹಿಮಗಟ್ಟಿದ ದಿನ ಹೋಗುವುದೇ ಬೇಡ.

ನಡೆಯಲಾಗದವರು ಸ್ವಯಂಸೇವಕರಾಗಬಹುದು. ತಿರುವಿನಲ್ಲಿ ನಿಂತು ದಾರಿ ತೋರಿಸಲು ಹೆಚ್ಚು ಇಂಗ್ಲಿಷ್ ಬೇಕಿಲ್ಲ.