ಕಾಡುಕೋಳಿಗೆ ಹೆಸರಿಟ್ಟ ಡಚ್ ವಿದ್ವಾಂಸ

ಮಲೆನಾಡು, ಕೊಡಗಿನ ಕಡೆಯವರಿಗೆ ಕಾಡುಕೋಳಿಯನ್ನು ಪರಿಚಯಿಸಬೇಕಾಗಿಲ್ಲ. ನಸುಕಿನಲ್ಲಿ ಮೆಳೆಯೊಳಗಿಂದ ಕೇಳುವ ಒಡಕು ಕೂಗು, ಹುಂಜದ ಕತ್ತಿನ ಗರಿಗಳ ಮೇಲೆ ಮೇಣದ ಹನಿ ಇಟ್ಟಂತಿರುವ ಚುಕ್ಕೆಗಳು ಎಲ್ಲರಿಗೂ ಗೊತ್ತು. ವಿಜ್ಞಾನದ ದಾಖಲೆಯಲ್ಲಿ ಇದೇ ಹಕ್ಕಿ ‘ಗ್ಯಾಲಸ್ ಸೊನ್ನೆರಾಟಿ’. ಅದರ ಪಕ್ಕದಲ್ಲಿ ‘ಟೆಮ್ಮಿಂಕ್, 1813’ ಎಂದು ಬರೆದಿರುತ್ತದೆ. ಈ ಟೆಮ್ಮಿಂಕ್ ಭಾರತವನ್ನು ಎಂದೂ ಕಂಡವನಲ್ಲ, ಆಮ್‌ಸ್ಟರ್‌ಡ್ಯಾಮಿನವನು. ನಾವು ಬಂದು ನೆಲೆಸಿರುವ ಈ ನಾಡಿನಿಂದ ನಮ್ಮ ಹಕ್ಕಿಗೆ ಹೆಸರು ಹೋದ ಬಗೆಯನ್ನು, ಆ ಹೆಸರಿನಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ.

ಕೂನ್ರಾಡ್ ಯಾಕೋಬ್ ಟೆಮ್ಮಿಂಕ್ ಹುಟ್ಟಿದ್ದು 1778ರ ಮಾರ್ಚ್ 31ರಂದು. ತಂದೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಖಜಾಂಚಿ. ದೂರದೇಶಗಳ ಪ್ರವಾಸಿಗಳೊಂದಿಗೆ, ಪ್ರಾಣಿಪಕ್ಷಿ ಸಂಗ್ರಾಹಕರೊಂದಿಗೆ ಆತನಿಗೆ ನಿಕಟ ಸಂಪರ್ಕವಿತ್ತು. ಹೀಗಾಗಿ ಒಣಗಿಸಿ ತುಂಬಿಟ್ಟ ಹಕ್ಕಿಗಳ ದೊಡ್ಡ ಸಂಗ್ರಹವೇ ಮಗನ ಪಾಲಿಗೆ ಬಂತು. ಕಾಡು ಸುತ್ತದೆಯೇ ಪಕ್ಷಿಶಾಸ್ತ್ರ ಬರೆಯಲು ಸಾಧ್ಯವಾದದ್ದು ಇದರಿಂದ. ಹಡಗುಗಳು ತಂದದ್ದನ್ನು ಅಳೆದು, ಹೋಲಿಸಿ, ವರ್ಣಿಸುವುದು ಆತನ ಕಸುಬಾಯಿತು.

ಆತನ ಮೊದಲ ದೊಡ್ಡ ಗ್ರಂಥ ಪಾರಿವಾಳಗಳ ಕುರಿತದ್ದು. ಚಿತ್ರಗಳನ್ನು ಬರೆದವಳು ಪ್ಯಾರಿಸ್ಸಿನ ಕಲಾವಿದೆ ಪೋಲೀನ್ ಕ್ನಿಪ್. 1811ರಲ್ಲಿ ಪುಸ್ತಕ ಹೊರಬಂದಾಗ ಮುಖಪುಟದಲ್ಲಿ ಗ್ರಂಥಕರ್ತೃವಾಗಿ ಆಕೆಯ ಹೆಸರೇ ನಿಂತಿತು. ಪಠ್ಯ ಬರೆದ ಟೆಮ್ಮಿಂಕ್ ಹಿಂದೆ ಸರಿದ. ಈ ಅನ್ಯಾಯದ ಬಗ್ಗೆ ಆತ ಮುಂದೆ ಅಚ್ಚಿನಲ್ಲೇ ದೂರಿಕೊಂಡ. 1813ರಿಂದ 1815ರವರೆಗೆ ಪಾರಿವಾಳ ಮತ್ತು ಕೋಳಿಜಾತಿಯ ಹಕ್ಕಿಗಳ ಬಗ್ಗೆ ತನ್ನದೇ ಹೆಸರಿನಲ್ಲಿ ಮೂರು ಸಂಪುಟಗಳನ್ನು ತಂದ. ನಮ್ಮ ಕಾಡುಕೋಳಿಗೆ ಲ್ಯಾಟಿನ್ ಹೆಸರು ಸಿಕ್ಕಿದ್ದು ಈ ಸಂಪುಟಗಳಲ್ಲೇ.

ಅದಕ್ಕೂ ಮೊದಲು, 1782ರಲ್ಲಿ, ಭಾರತ ಸುತ್ತಿದ ಫ್ರೆಂಚ್ ಪ್ರವಾಸಿ ಪಿಯೇರ್ ಸೊನ್ನೆರಾ ಇದೇ ಹಕ್ಕಿಯನ್ನು ವರ್ಣಿಸಿ, ಸಾಕುಕೋಳಿಯ ಮೂಲ ಇದೇ ಎಂದು ವಾದಿಸಿದ್ದ. ಟೆಮ್ಮಿಂಕ್ ಹಕ್ಕಿಯ ಹೆಸರಿನಲ್ಲಿ ಅವನನ್ನು ಸ್ಮರಿಸಿದ. ತನ್ನ ಹೆಸರು ತಪ್ಪಿಹೋದ ನೋವು ಉಂಡವನು ಇನ್ನೊಬ್ಬನ ಹೆಸರನ್ನು ಉಳಿಸಿದ್ದು ನನಗೆ ಹಿಡಿಸಿತು. ಆದರೆ ಕಾಡಿನಲ್ಲಿ ಹಕ್ಕಿ ಹಿಡಿದುಕೊಟ್ಟವರಿಗೆ, ಅದರ ನಡೆನುಡಿ ಬಲ್ಲವರಿಗೆ ಆ ಹೆಸರಿನಲ್ಲಿ ಜಾಗ ಸಿಗಲಿಲ್ಲ.

1820ರಲ್ಲಿ ದೊರೆ ಮೊದಲನೆಯ ವಿಲಿಯಂ ಲೈಡನ್ನಿನಲ್ಲಿ ರಾಷ್ಟ್ರೀಯ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯ ಸ್ಥಾಪಿಸಿದಾಗ ಟೆಮ್ಮಿಂಕ್ ಅದರ ಮೊದಲ ನಿರ್ದೇಶಕನಾದ. 1858ರಲ್ಲಿ ಸಾಯುವವರೆಗೂ ಆ ಹುದ್ದೆಯಲ್ಲಿದ್ದ. ಅದೇ 1820ರಲ್ಲಿ ಡಚ್ ವಸಾಹತುಗಳಿಗೆ ಸಂಗ್ರಾಹಕರನ್ನು ಕಳಿಸುವ ಸಮಿತಿಯೂ ಹುಟ್ಟಿತು. ಜಾವಾಕ್ಕೆ ಹೋದ ಹೈನ್ರಿಖ್ ಕೂಲ್ ವರ್ಷ ತುಂಬುವ ಮೊದಲೇ, 1821ರಲ್ಲಿ, ತೀರಿಕೊಂಡ. ಜೊತೆಗಾರ ವಾನ್ ಹಾಸೆಲ್ಟ್ 1823ರಲ್ಲಿ. ಇಬ್ಬರಿಗೂ ಮೂವತ್ತು ತುಂಬಿರಲಿಲ್ಲ. ಲೈಡನ್ನಿನ ಕಪಾಟುಗಳು ತುಂಬಿದ್ದು ಇಂಥ ಬೆಲೆ ತೆತ್ತು. ಆ ಸಂಗ್ರಹಾಲಯವೇ ಇಂದಿನ ನ್ಯಾಚುರಾಲಿಸ್‌ನ ಪೂರ್ವಜ. ಅಲ್ಲೀಗ ನಾಲ್ಕು ಕೋಟಿಗೂ ಹೆಚ್ಚು ವಸ್ತುಗಳಿವೆ.

ಸೊನ್ನೆರಾನ ವಾದ ಏನಾಯಿತು? ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ ಎಂಬುದು ಈಗ ಸ್ಥಾಪಿತ. ಆದರೆ 2008ರಲ್ಲಿ ಪ್ರಕಟವಾದ ತಳಿಶಾಸ್ತ್ರದ ಅಧ್ಯಯನವೊಂದು, ಸಾಕುಕೋಳಿಯ ಹಳದಿ ಚರ್ಮಕ್ಕೆ ಕಾರಣವಾದ ಜೀನ್ ಬಹುಪಾಲು ನಮ್ಮ ಬೂದು ಕಾಡುಕೋಳಿಯಿಂದ ಬಂದದ್ದು ಎಂದು ತೋರಿಸಿತು. ಸೊನ್ನೆರಾ ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ಈ ದೇಶದ ಹೆಮ್ಮೆಯ ಬಾರ್ನೆವೆಲ್ಡ್ ಕೋಳಿಯ ಹಳದಿ ಕಾಲುಗಳನ್ನು ನೋಡಿದಾಗಲೆಲ್ಲ, ಇದು ನಮ್ಮ ಕಡೆಯ ನಂಟು ಎನಿಸುತ್ತದೆ ನನಗೆ.

ಟೆಮ್ಮಿಂಕ್ ನಮ್ಮ ನಾಡಿಗೆ ಬರಲಿಲ್ಲ, ಅವನ ಹೆಸರು ಬರುತ್ತದೆ. ಉತ್ತರ ಧ್ರುವದ ಕಡೆ ಮರಿಮಾಡುವ ‘ಟೆಮ್ಮಿಂಕ್ಸ್ ಸ್ಟಿಂಟ್’ ಎಂಬ ಪುಟ್ಟ ಹಕ್ಕಿ ಚಳಿಗಾಲದಲ್ಲಿ ಕರ್ನಾಟಕದ ಕೆರೆಯಂಚಿಗೆ ಇಳಿಯುತ್ತದೆ. ನ್ಯಾಚುರಾಲಿಸ್‌ಗೆ ಮಕ್ಕಳನ್ನು ಕರೆದೊಯ್ಯುವಾಗ ಅವರಿಗೆ ಲ್ಯಾಟಿನ್ ಹೆಸರಿನ ಜೊತೆಗೆ ‘ಕಾಡುಕೋಳಿ’ ಎಂಬ ಹೆಸರನ್ನೂ ಹೇಳಿಕೊಡೋಣ. ಗ್ರಂಥದಲ್ಲಿ ಸ್ಥಾನ ಸಿಗದವರು ಉಳಿಸಿಕೊಟ್ಟದ್ದು ಆ ಹೆಸರನ್ನೇ.