ಕಾರ್ಪೊರೇಟರ್ ಇಲ್ಲದ ಬೆಂಗಳೂರು

2020ರ ಸೆಪ್ಟೆಂಬರ್ 10ಕ್ಕೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ಸದಸ್ಯರ ಅವಧಿ ಮುಗಿಯಿತು. ಆಮೇಲೆ ಪಾಲಿಕೆ ನಡೆದದ್ದು ಆಡಳಿತಾಧಿಕಾರಿಯ ಕೈಯಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು. ವಾರ್ಡಿನಿಂದ ಗೆದ್ದುಬಂದ ಒಬ್ಬ ಸದಸ್ಯನೂ ಆಗ ಅವುಗಳಲ್ಲಿ ಇರಲಿಲ್ಲ. ಪಾಲಿಕೆಯೊಂದರ ಪೂರ್ಣ ಅವಧಿಯೇ ಐದು ವರ್ಷ. ಅಂದರೆ ಬೆಂಗಳೂರಿನ ಮತದಾರರ ಒಂದು ಇಡೀ ಸರದಿ ಕೈತಪ್ಪಿತು. ರಸ್ತೆಗುಂಡಿ, ಕಸ, ರಾಜಕಾಲುವೆ ಒತ್ತುವರಿ ಎಂದು ದಿನವೂ ಸಿಟ್ಟಾಗುವ ನಾವು ಇದಕ್ಕೆ ಮಾತ್ರ ತಣ್ಣಗಿದ್ದೇವೆ. ನನ್ನ ಮಟ್ಟಿಗೆ ಈ ಎಲ್ಲ ದೂರುಗಳಿಗಿಂತ ಮೊದಲು ಹೇಳಬೇಕಾದ ದೂರು ಇದೇ, ಏಕೆಂದರೆ ಉಳಿದವನ್ನು ಹೇಳಿಕೊಳ್ಳುವ ಬಾಗಿಲೇ ಮುಚ್ಚಿತ್ತು.

ಕಾನೂನಿನಲ್ಲಿ ಗೊಂದಲವಿಲ್ಲ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಪಾಲಿಕೆಯ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ. ನಡುವೆ ವಿಸರ್ಜನೆಯಾದರೂ ಆರು ತಿಂಗಳೊಳಗೆ ಹೊಸ ಸದಸ್ಯರು ಬರಬೇಕು. 2006ರಲ್ಲಿ ಸುಪ್ರೀಂ ಕೋರ್ಟ್ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಇದನ್ನೇ ಒತ್ತಿ ಹೇಳಿತು. ಹಾಗಿದ್ದೂ ಚುನಾವಣೆ ಮುಂದೆ ಹೋಗುವುದು ಹೇಗೆ? ವಾರ್ಡುಗಳ ಲೆಕ್ಕ ನೋಡಿದರೆ ತಿಳಿಯುತ್ತದೆ. 198 ಇದ್ದದ್ದು 243 ಆಯಿತು, ಆಮೇಲೆ 225ಕ್ಕೆ ಇಳಿಯಿತು, ಐದು ಪಾಲಿಕೆಗಳು ಬಂದ ಮೇಲೆ ಒಟ್ಟು 369ಕ್ಕೆ ಏರಿತು. ಗಡಿ ಬದಲಾದಾಗಲೆಲ್ಲ ಕರಡು, ಆಕ್ಷೇಪಣೆ, ಮೀಸಲಾತಿ ಪಟ್ಟಿ, ಮತ್ತೆ ಕೋರ್ಟು. ಒಂದೊಂದು ಹಂತಕ್ಕೂ ಸಮರ್ಥನೆ ಸಿಗುತ್ತದೆ, ಎಲ್ಲವನ್ನೂ ಕೂಡಿಸಿದರೆ ವರ್ಷಗಳು ಕಳೆದಿರುತ್ತವೆ. ಕೋವಿಡ್ ಕಾಲದಲ್ಲಿ ಚುನಾವಣೆ ಅಸಾಧ್ಯವಾಗಿತ್ತು ಎನ್ನುವವರು 2020ರ ಡಿಸೆಂಬರ್ ತಿಂಗಳೊಂದನ್ನು ನೆನೆಯಲಿ. ಹೈದರಾಬಾದ್ ಪಾಲಿಕೆಗೆ ಮತದಾನವಾಯಿತು, ಕೇರಳದ ಸ್ಥಳೀಯ ಸಂಸ್ಥೆಗಳಿಗೆ ಆಯಿತು, ನಮ್ಮದೇ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿಗೂ ಆಯಿತು. ಅದೇ ತಿಂಗಳು ಬೆಂಗಳೂರಿಗೆ ಆರು ವಾರಗಳಲ್ಲಿ ಚುನಾವಣಾ ಅಧಿಸೂಚನೆ ಹೊರಡಿಸಬೇಕೆಂದು ಹೈಕೋರ್ಟ್ ಹೇಳಿತು. ಆ ಆದೇಶಕ್ಕೆ ಸುಪ್ರೀಂ ಕೋರ್ಟಿನಿಂದ ತಡೆ ಬಂತು. ಒಂದು ಪಕ್ಷವನ್ನು ದೂರಿ ಕೈತೊಳೆದುಕೊಳ್ಳುವ ಹಾಗೂ ಇಲ್ಲ. 2006ರ ಕೊನೆಗೆ ಸದಸ್ಯರಿಲ್ಲದಂತಾದ ಬೆಂಗಳೂರು ಮತ ಹಾಕಿದ್ದು 2010ರಲ್ಲಿ. 2020ರ ನಂತರವೂ ವಿಧಾನಸೌಧದಲ್ಲಿ ಪಕ್ಷ ಬದಲಾಯಿತು, ಪಾಲಿಕೆಯ ಖಾಲಿ ಸಭಾಂಗಣ ಹಾಗೇ ಉಳಿಯಿತು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು ಅವೂ ಹೀಗೆಯೇ ಕಾದವು.

ಕಾರ್ಪೊರೇಟರುಗಳಿದ್ದಾಗ ಊರೇನು ಸುಖವಾಗಿತ್ತೇ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದನ್ನು ತಳ್ಳಿಹಾಕಲಾಗದು. ಮಂಡೂರಿನಲ್ಲಿ ನಗರದ ಕಸ ಬೆಟ್ಟದಂತೆ ಬೆಳೆದಾಗ ಪಾಲಿಕೆಯಲ್ಲಿ ಚುನಾಯಿತ ಸದಸ್ಯರಿದ್ದರು. ಟೆಂಡರು, ಕಮಿಷನ್ನಿನ ಆರೋಪಗಳು ಅವರ ಮೇಲೂ ಬಂದಿದ್ದವು. ಸದಸ್ಯರಿದ್ದಿದ್ದರೆ 2022ರಲ್ಲಿ ಮಹದೇವಪುರದ ಕಡೆ ನೀರು ನುಗ್ಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕೆಟ್ಟ ಕಾರ್ಪೊರೇಟರನನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸಬಹುದು, ಆಡಳಿತಾಧಿಕಾರಿಯನ್ನು ಕಳಿಸಲು ಮತದಾರನಿಗೆ ದಾರಿಯೇ ಇಲ್ಲ. ಅಧಿಕಾರಿ ಎಷ್ಟೇ ಪ್ರಾಮಾಣಿಕನಿದ್ದರೂ ಅವನನ್ನು ನೇಮಿಸುವುದೂ ವರ್ಗ ಮಾಡುವುದೂ ಸರ್ಕಾರ. ಅವನು ಉತ್ತರ ಹೇಳುವುದೂ ಅಲ್ಲಿಗೇ. ಸದಸ್ಯರಿದ್ದಾಗ ಬಜೆಟ್ಟು ಸಭೆಯಲ್ಲಿ ಚರ್ಚೆಯಾಗಬೇಕಿತ್ತು, ಸ್ಥಾಯಿ ಸಮಿತಿಯಲ್ಲಿ ವಿರೋಧ ಪಕ್ಷದವರು ಕಾಮಗಾರಿಯ ಕಡತ ಕೇಳಬಹುದಿತ್ತು, ಜಗಳವಾದರೆ ಮರುದಿನದ ಪತ್ರಿಕೆಯಲ್ಲಿ ಬರುತ್ತಿತ್ತು. ಗದ್ದಲವೆಂದು ನಾವು ಬೇಸರಪಟ್ಟದ್ದು ನಿಜ, ಆದರೆ ನಮ್ಮ ತೆರಿಗೆಯ ಲೆಕ್ಕ ಹೊರಬೀಳುತ್ತಿದ್ದದ್ದು ಆ ಗದ್ದಲದಲ್ಲೇ.

ಶಾಸಕರಿದ್ದಾರಲ್ಲ, ಸಾಲದೇ ಎನ್ನುವವರೂ ಇದ್ದಾರೆ. 2011ರ ಜನಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯ ಜನ ಸುಮಾರು 84 ಲಕ್ಷ. ನಗರದ ಶಾಸಕರು 28 ಎಂದಿಟ್ಟುಕೊಂಡರೆ ಒಬ್ಬರಿಗೆ ಮೂರು ಲಕ್ಷ ಜನ; 198 ವಾರ್ಡುಗಳಿಗೆ ಹಂಚಿದರೆ ಒಂದಕ್ಕೆ ನಲವತ್ತೆರಡು ಸಾವಿರದಷ್ಟು. ಈಗ ಜನ ಇನ್ನೂ ಹೆಚ್ಚಿದ್ದಾರೆ. ಅಡ್ಡರಸ್ತೆಯ ಬೀದಿದೀಪ, ಕಟ್ಟಿಕೊಂಡ ಚರಂಡಿ, ಬಾರದ ಕಸದ ಆಟೊ ಶಾಸನ ಮಾಡುವವರ ಕೆಲಸವಾಗಬಾರದು. ಆದರೆ ಸದಸ್ಯರಿಲ್ಲದಾಗ ವಾರ್ಡಿನ ಹಣ, ಕಾಮಗಾರಿಗಳ ಮೇಲಿನ ಹಿಡಿತ ಸಹಜವಾಗಿಯೇ ಶಾಸಕರ ಕಡೆ ವಾಲುತ್ತದೆ. ಚುನಾವಣೆಗೆ ಯಾರಿಗೂ ಅವಸರವಿಲ್ಲದ್ದಕ್ಕೆ ಮುಖ್ಯ ಕಾರಣ ಇದೇ ಎಂಬುದು ನನ್ನ ಅನಿಸಿಕೆ.

ಹಾಗಾಗಿ ಒಮ್ಮೆ ಚುನಾವಣೆ ನಡೆದರೆ ಸಾಲದು, ವಾರ್ಡ್ ಗಡಿಯ ಗೆರೆ ಎಳೆಯುವ ಅಧಿಕಾರವೇ ಸರ್ಕಾರದ ಕೈಯಿಂದ ಬಿಡುಗಡೆಯಾಗಬೇಕು. ಕೇರಳದಲ್ಲಿ ಆ ಕೆಲಸ ಮಾಡುವ ಆಯೋಗಕ್ಕೆ ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರು, ಮತ್ತು ಅಲ್ಲಿ 2010, 2015, 2020ರಲ್ಲಿ ಸ್ಥಳೀಯ ಚುನಾವಣೆಗಳು ತಪ್ಪದೆ ನಡೆದಿವೆ. ಕರ್ನಾಟಕ 2021ರಲ್ಲಿ ಹೋದದ್ದು ಇದಕ್ಕೆ ವಿರುದ್ಧವಾದ ದಾರಿಯಲ್ಲಿ: ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಕ್ಷೇತ್ರ ಮರುವಿಂಗಡಣೆಯನ್ನು ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟಿತು. ಮತ ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯ ಮುಂದೆಯೂ, ಯಾವ ಪಕ್ಷದವರೇ ಆಗಿರಲಿ, ಗಡಿ ಎಳೆಯುವ ಅಧಿಕಾರವನ್ನು ಚುನಾವಣಾ ಆಯೋಗಕ್ಕೆ ಕೊಡುತ್ತೀರಾ ಎಂಬ ಪ್ರಶ್ನೆ ಇಡಬೇಕು.