ಕರುಳಿನ ಗಾಯಕ್ಕೆ ನೇರವಾಗಿ ಔಷಧ



ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆ ಕಲಸಿದಂತಾಗುವ ಅನುಭವ ನಿಮಗೂ ಆಗಿರಬಹುದು. ತಲೆಯಲ್ಲಿರುವ ಭಯ ಹೊಟ್ಟೆಗೆ ತಿಳಿಯುವುದು ಹೇಗೆ? ಕರುಳಿನ ಗೋಡೆಯಲ್ಲಿ ಕೋಟ್ಯಂತರ ನರಕೋಶಗಳಿವೆ. ವೇಗಸ್ ಎಂಬ ನರವು ಕರುಳನ್ನು ಮಿದುಳಿಗೆ ಜೋಡಿಸುತ್ತದೆ. ಸಂದೇಶಗಳು ಎರಡೂ ದಿಕ್ಕಿಗೆ ಹರಿಯುತ್ತವೆ. ಆದ್ದರಿಂದ ಕರುಳು ಬಹುಕಾಲ ನರಳಿದರೆ ಮನಸ್ಸೂ ಕುಗ್ಗಬಹುದು.

ಕರುಳಿನ ಉರಿಯೂತ ರೋಗದಲ್ಲಿ ಆಗುವುದು ಇದೇ. ಕ್ರೋನ್ಸ್ ಕಾಯಿಲೆ ಮತ್ತು ಅಲ್ಸರೇಟಿವ್ ಕೊಲೈಟಿಸ್ ಇದರ ಎರಡು ಮುಖ್ಯ ರೂಪಗಳು. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಕರುಳಿನಲ್ಲಿ ಹುಣ್ಣುಗಳನ್ನು ಉಂಟುಮಾಡುತ್ತದೆ. ಇದು ಅನೇಕರಲ್ಲಿ ಹದಿಹರೆಯ ಅಥವಾ ಯೌವನದಲ್ಲೇ ಆರಂಭವಾಗುತ್ತದೆ. ಇಂತಹ ರೋಗಿಗಳಲ್ಲಿ ಆತಂಕ, ಖಿನ್ನತೆಗಳೂ ಇತರರಿಗಿಂತ ಹೆಚ್ಚು.

ಮಾತ್ರೆ ನುಂಗಿದರೆ ಸಾಲದೇ? ಅದು ಜಠರದ ಆಮ್ಲವನ್ನೂ ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳನ್ನೂ ದಾಟಬೇಕು. ದಾರಿಯಲ್ಲೇ ರಕ್ತಕ್ಕೆ ಸೇರಿದರೆ ಇಡೀ ದೇಹಕ್ಕೆ ಹರಡುತ್ತದೆ, ಅಡ್ಡಪರಿಣಾಮಗಳೂ ಬರಬಹುದು. ಸಲ್ಫಾಸಲಜೀನ್ ಎಂಬ ಹಳೆಯ ಔಷಧದಲ್ಲಿ ಇದಕ್ಕೊಂದು ಉಪಾಯವಿದೆ. ಅದು ಜೋಡಿಸಿದ ಎರಡು ಭಾಗಗಳ ಅಣು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಆ ಬೆಸುಗೆಯನ್ನು ಕತ್ತರಿಸಿದಾಗ ಔಷಧದ ಭಾಗ ಅಲ್ಲೇ ಬಿಡುಗಡೆಯಾಗುತ್ತದೆ.

ನ್ಯಾನೋ ಔಷಧ ಇದರ ಮುಂದಿನ ಹೆಜ್ಜೆ. ನ್ಯಾನೋಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. 100 ನ್ಯಾನೋಮೀಟರ್ ಅಗಲದ ಕಣದ ಮುಂದೆ ನಿಮ್ಮ ತಲೆಗೂದಲು ನೂರಾರು ಪಟ್ಟು ದಪ್ಪ! ಇಂತಹ ಕಣದೊಳಗೆ ಔಷಧವನ್ನಿಟ್ಟು, ಆಮ್ಲದಲ್ಲಿ ಕರಗದ ಹೊದಿಕೆಯನ್ನು ಕೊಡಬಹುದು. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕರುಳಿನ ಉರಿಯೂತವಿದ್ದ ಇಲಿಗಳಿಗೆ ಇಷ್ಟು ಚಿಕ್ಕ ಕಣಗಳನ್ನೂ ಅವುಗಳ 10 ಮತ್ತು 100 ಪಟ್ಟು ದೊಡ್ಡ ಕಣಗಳನ್ನೂ ಬಾಯಿಯ ಮೂಲಕ ನೀಡಿದರು. ಉರಿಯೂತದ ಜಾಗದಲ್ಲಿ ಹೆಚ್ಚಾಗಿ ಅಂಟಿಕೊಂಡವು ಚಿಕ್ಕ ಕಣಗಳೇ.

ಹಾಗೆಂದು ನಾಳೆಯೇ ಔಷಧದಂಗಡಿಯಲ್ಲಿ ಸಿಗುತ್ತದೆ ಎಂದುಕೊಳ್ಳಬೇಡಿ. ಈ ಪ್ರಯೋಗಗಳಲ್ಲಿ ಬಹುಪಾಲು ಪ್ರಾಣಿಗಳ ಮೇಲೆಯೇ ನಡೆದಿವೆ. ಇಲಿಗೆ ಒಗ್ಗಿದ್ದು ಮನುಷ್ಯನಿಗೂ ಒಗ್ಗಬೇಕೆಂದಿಲ್ಲ. ಕಣಗಳು ದೇಹದಲ್ಲಿ ಉಳಿದು ತೊಂದರೆ ಕೊಡುವುದಿಲ್ಲವೆಂಬುದೂ ಖಚಿತವಾಗಬೇಕು.

ನೀವು ಇಂದೇ ಮಾಡಬಹುದಾದ ಕೆಲಸವೊಂದಿದೆ. ವಾರಗಟ್ಟಲೆ ಭೇದಿ, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು – ಇವುಗಳನ್ನು ಪರೀಕ್ಷೆಯ ಭಯವೆಂದು ತಳ್ಳಿಹಾಕಬೇಡಿ, ನಾಚಿಕೆಯಿಂದ ಮುಚ್ಚಿಡಬೇಡಿ. ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿ. ಗೆಳೆಯರಲ್ಲಿ ಯಾರಿಗಾದರೂ ಈ ಕಾಯಿಲೆಯಿದ್ದರೆ, ಪದೇ ಪದೇ ತರಗತಿಯಿಂದ ಎದ್ದು ಹೋಗುತ್ತಾರೆಂದು ನಗಬೇಡಿ. ನಿಮ್ಮ ಒಂದು ಒಳ್ಳೆಯ ಮಾತೂ ಅವರಿಗೆ ಆಸರೆ.